ಬೇಸ್ ಆಂಪ್ ಮೂಕಾದದ್ದು ಯಾವಾಗ?

ಗಣೇಶನ ಪೆಂಡಾಲಿನ ಮುಂದೆ ಆರ್ಕೆಸ್ಟ್ರಾ ಜೋರಾಗಿ ನಡೆದಿರುತ್ತದೆ. ಮೂರನೇ ಹಾಡಿನ ನಡುವೆ ಏನೋ ತಪ್ಪುತ್ತದೆ. ಗಾಯಕಿ ಹಾಡುತ್ತಲೇ ಇದ್ದಾಳೆ, ಡ್ರಮ್ಸ್ ನಿಂತಿಲ್ಲ, ಆದರೂ ಹಾಡು ನೀರು ಹೆಚ್ಚಾದ ಸಾರಿನಂತೆ ಸಪ್ಪಗಾಗಿದೆ. ಕೇಳುಗರಿಗೆ ಕಾರಣ ಹೊಳೆಯುವುದಿಲ್ಲ. ಬೇಸ್ ಗಿಟಾರಿನವನು ಮಾತ್ರ ಹಿಂದೆ ತಿರುಗಿ ಆಂಪ್ಲಿಫೈಯರಿನ ನೆತ್ತಿಗೆ ಒಂದೇಟು ಹಾಕುತ್ತಾನೆ. 'ಗುಂ' ಎಂದು ದನಿ ಮರಳುತ್ತದೆ. ಎರಡು ಹಾಡು ಕಳೆದ ಮೇಲೆ ಮತ್ತೆ ಮೌನ.

ಬೇಸ್ ಎಂದರೆ ಹಾಡಿನ ತಳಪಾಯ. ಇಳಯರಾಜ ಸಂಗೀತದ 'ಗೀತಾ' (1981) ಚಿತ್ರದ ಹಾಡುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ತಂತಿಯ ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಇಷ್ಟು ತಗ್ಗಿನ ಸ್ವರವನ್ನು ಬಯಲಿಗೆಲ್ಲ ಕೇಳಿಸಬೇಕಾದರೆ ಬಹಳ ವಿದ್ಯುತ್ ಬಲ ಬೇಕು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದಕ್ಕೆಂದೇ ಬೇರೆ ಆಂಪ್ ಬೇಕಾಯಿತು. ಮರುವರ್ಷವೇ 'ಬೇಸ್‌ಮ್ಯಾನ್' ಬಂತು. 1969ರ ಹೊತ್ತಿಗೆ ಆಂಪೆಗ್ ಕಂಪನಿಯ ಎಸ್‌ವಿಟಿ 300 ವ್ಯಾಟ್ ಮುಟ್ಟಿತ್ತು. ಬಲ ಹೆಚ್ಚಿದಷ್ಟೂ ಬಿಸಿ ಹೆಚ್ಚು, ಅದುರುವಿಕೆಯೂ ಹೆಚ್ಚು. ಸಾಲದ್ದಕ್ಕೆ ಆಂಪನ್ನು ಸ್ಪೀಕರ್ ಪೆಟ್ಟಿಗೆಯ ತಲೆಯ ಮೇಲೆಯೇ ಕೂರಿಸುವುದು ರೂಢಿ. ತಾನೇ ಎಬ್ಬಿಸಿದ ಭೂಕಂಪದ ಮೇಲೆ ತಾನೇ ಕೂತು ಕೆಲಸ ಮಾಡುವ ಯಂತ್ರ ಅದು. ಒಳಗಿನ ಬೆಸುಗೆ ಬಿರುಕು ಬಿಡುವುದರಲ್ಲಿ, ತಿರುಪು ಸಡಿಲವಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಜ್ವರವೆಂದು ಹೋದರೆ ವೈದ್ಯರು ಮೊದಲು ಕೇಳುವುದು 'ಯಾವ ಹೊತ್ತಿಗೆ ಬರುತ್ತೆ?' ಎಂದು. ಆಂಪಿನ ಚಿಕಿತ್ಸೆಯೂ ಅಲ್ಲಿಂದಲೇ ಶುರುವಾಗಬೇಕು. ಕೇಬಲ್ ಅಲುಗಿದಾಗ ನಿಲ್ಲುತ್ತದೆಯೇ, ತಂತಿಯನ್ನು ಬಲವಾಗಿ ಮೀಟಿದಾಗಲೇ, ಅರ್ಧ ಗಂಟೆ ನುಡಿಸಿದ ಮೇಲೆಯೇ?

ಅಲುಗಿದಾಗ ಹೋಗುವ ದನಿಗೆ ಮೊದಲ ಅನುಮಾನ ಕೇಬಲ್ ಮೇಲೆ. ಇನ್ನೊಂದು ಕೇಬಲ್ ಹಾಕಿ ನೋಡಿದರೆ ಆಯಿತು, ಒಂದು ನಿಮಿಷದ ಕೆಲಸ. ಗಿಟಾರಿನ ಜಾಕನ್ನು ಹಿಡಿದಿರುವ ನಟ್ ಸಡಿಲವಾಗಿದ್ದರೂ ಇದೇ ಲಕ್ಷಣ. ಬೇಸ್ 'ಆಕ್ಟಿವ್' ಜಾತಿಯದಾದರೆ ಅದರ ಬೆನ್ನಿನಲ್ಲಿ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ಖರ್ಚಾಗಲು ಶುರು; ಅಭ್ಯಾಸ ಮುಗಿದ ಮೇಲೆ ಕೇಬಲ್ ಕೀಳದೆ ಮಲಗಿದವರಿಗೆ ಮರುದಿನದ ವೇದಿಕೆಯಲ್ಲಿ ದನಿ ಮೊದಲು ಒಡೆಯುತ್ತದೆ, ಆಮೇಲೆ ಇಂಗುತ್ತದೆ. ಬೈಗುಳ ಮಾತ್ರ ಆಂಪಿಗೆ.

ಇಷ್ಟೆಲ್ಲ ಸರಿಯಿದ್ದರೆ ಆಂಪಿನ ಬೆನ್ನ ಕಡೆ ಬರಬೇಕು. ಅನೇಕ ಆಂಪುಗಳಲ್ಲಿ 'ಸೆಂಡ್', 'ರಿಟರ್ನ್' ಎಂಬ ಎರಡು ಜಾಕುಗಳಿರುತ್ತವೆ. ಎಫೆಕ್ಟ್ ಪೆಡಲುಗಳನ್ನು ನಡುವೆ ಸೇರಿಸಲು ಇಟ್ಟ ದಾರಿ ಅದು. ಎಷ್ಟೋ ಜನ ಅದನ್ನು ಒಮ್ಮೆಯೂ ಬಳಸಿರುವುದಿಲ್ಲ. ಕಾಯಿಲೆಗೆ ಮೂಲವೇ ಆ ಬಳಸದಿರುವಿಕೆ. ಆಂಪಿನೊಳಗೆ ದನಿಯನ್ನು ಹದ ಮಾಡುವ ಪ್ರೀಆಂಪ್ ಒಂದು, ಅದಕ್ಕೆ ಬಲ ತುಂಬುವ ಪವರ್ ಆಂಪ್ ಇನ್ನೊಂದು. ಹಲವು ವಿನ್ಯಾಸಗಳಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದನಿ ರಿಟರ್ನ್ ಜಾಕಿನೊಳಗಿನ ಪುಟ್ಟ ಲೋಹದ ಪಟ್ಟಿಯನ್ನು ದಾಟಿಯೇ ಹೋಗಬೇಕು. ಪಿನ್ ಚುಚ್ಚಿದರೆ ಪಟ್ಟಿ ದೂರ ಸರಿಯುತ್ತದೆ, ಕಿತ್ತರೆ ಮತ್ತೆ ಬಂದು ಕೂರುತ್ತದೆ. ವರ್ಷಗಟ್ಟಲೆ ಯಾರೂ ಅಲುಗಿಸದಿದ್ದಾಗ ಅದು ಕೂತ ಜಾಗದಲ್ಲೇ ಕಿಲುಬು ಕಟ್ಟುತ್ತದೆ. ಮೆತ್ತಗಿನ ಸ್ವರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಮೀಟಿದರೆ ಕೆಲವೊಮ್ಮೆ ತಟಕ್ಕನೆ ದಾಟಿಬಿಡುತ್ತದೆ. ನೆತ್ತಿಯ ಮೇಲಿನ ಏಟು ಫಲಿಸುವುದೂ ಹೀಗೆಯೇ.

ಪರೀಕ್ಷೆ ಸುಲಭ. ಗೇಣುದ್ದದ ಪ್ಯಾಚ್ ಕೇಬಲಿನ ಒಂದು ತುದಿಯನ್ನು ಸೆಂಡಿಗೆ, ಇನ್ನೊಂದನ್ನು ರಿಟರ್ನಿಗೆ ಚುಚ್ಚಿ. ದನಿ ಗಟ್ಟಿಯಾಗಿ ನಿಂತರೆ ಕಳ್ಳ ಸಿಕ್ಕ. ಅಂದಿನ ಕಾರ್ಯಕ್ರಮವನ್ನು ಹಾಗೆಯೇ ಮುಗಿಸಬಹುದು. ಆಮೇಲೆ ಆಂಪ್ ಆಫ್ ಮಾಡಿ, ಪಿನ್ನಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಹತ್ತಾರು ಸಲ ಚುಚ್ಚಿ ಕಿತ್ತರೆ ಕಿಲುಬು ಬಿಡುವುದುಂಟು.

ಅರ್ಧ ಗಂಟೆಯ ನಂತರ ನಿಂತು, ಹತ್ತು ನಿಮಿಷ ಬಿಟ್ಟರೆ ತಾನಾಗಿ ಎದ್ದು ಕೂರುವ ಆಂಪಿನ ಕತೆ ಬೇರೆ. ಅದು ಬಿಸಿಯ ಕಾಟ. ಫ್ಯಾನಿಗೆ ಧೂಳು ಮೆತ್ತಿರಬಹುದು, ಗಾಳಿಕಿಂಡಿಗೆ ಪರದೆ ಅಡ್ಡ ಬಂದಿರಬಹುದು. ಸ್ಪೀಕರ್ ಪೆಟ್ಟಿಗೆಗಳ ಲೆಕ್ಕವನ್ನೂ ನೋಡಬೇಕು: 8 ಓಮಿನ ಎರಡು ಪೆಟ್ಟಿಗೆ ಜೊತೆಗೂಡಿಸಿದರೆ 4 ಓಮ್, ಮೂರನೆಯದು ಸೇರಿದರೆ ಸುಮಾರು 2.67. ಕನಿಷ್ಠ 4 ಓಮ್ ಎಂದು ಬರೆದಿರುವ ಆಂಪಿಗೆ ಇದು ಹೊರಲಾರದ ಹೊರೆ. ಒಳಗಿನ ರಕ್ಷಣಾ ವ್ಯವಸ್ಥೆ ಬಾಯಿ ಮುಚ್ಚಿಸುತ್ತದೆ, ಮುಚ್ಚಿಸಲೇಬೇಕು.

ಇನ್ನು ಜನರೇಟರ್. ಒಂದೇ ತೆಳು ವೈರಿನಲ್ಲಿ ಸೀರಿಯಲ್ ಸೆಟ್ಟು, ಫೋಕಸ್ ಲೈಟು, ಆಂಪ್ ಎಲ್ಲವೂ ನೇತಾಡುತ್ತಿದ್ದರೆ 230 ವೋಲ್ಟ್ ಇರಬೇಕಾದಲ್ಲಿ ಅಷ್ಟು ಉಳಿಯುವುದಿಲ್ಲ. ಹಮ್ಮಿಂಗ್ ಬರುತ್ತದೆಂದು ಪ್ಲಗ್ಗಿನ ಅರ್ತ್ ಪಿನ್ ಕಿತ್ತೆಸೆಯುವವರೂ ಇದ್ದಾರೆ. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿ ನಗರದಲ್ಲಿ ಲೆಸ್ ಹಾರ್ವಿ ಎಂಬ ಸ್ಕಾಟಿಷ್ ಗಿಟಾರ್ ವಾದಕ ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಪ್ರಾಣ ಬಿಟ್ಟರು. ಹಮ್ಮಿಂಗ್ ಇದ್ದರೆ ಇರಲಿ.

ಮುಚ್ಚಳ ಬಿಚ್ಚುವ ಕೆಲಸ ಮಾತ್ರ ಮೆಕ್ಯಾನಿಕ್‌ಗೆ ಸೇರಿದ್ದು. ವಾಲ್ವ್ ಆಂಪಿನೊಳಗೆ ನೂರಾರು ವೋಲ್ಟ್ ಹರಿಯುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ಆದರೆ ಅಂಗಡಿಯ ಮೇಜಿನ ಮೇಲೆ ಆಂಪ್ ಅದುರುವುದಿಲ್ಲ, ಕಾಯುವುದಿಲ್ಲ. ಎಷ್ಟೋ ಸಲ ಅಲ್ಲಿ ಚೆನ್ನಾಗಿಯೇ ಹಾಡಿ ಮಾಲೀಕನ ಮಾನ ಕಳೆಯುತ್ತದೆ. ಹಾಗಾಗಿ ಎಷ್ಟು ಹೊತ್ತಿಗೆ, ಎಷ್ಟು ಜೋರಿನಲ್ಲಿ, ಯಾವ ಪೆಟ್ಟಿಗೆಗಳ ಜೊತೆಗೆ ನಿಂತಿತು ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಆ ದಿನ ಬಳಸಿದ ಕೇಬಲನ್ನೂ ಮರೆಯದೆ ಒಯ್ಯಿರಿ.