ಅಕ್ಕಡಿ ಬೇಸಾಯವೂ ಅದರ ಊಟವೂ

ರಾಗಿಯ ಮುದ್ದೆ, ತೆಂಗಿನಕಾಯಿ ಅರೆದು ಕುದಿಸಿದ ಅವರೆಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿಪುಡಿ, ಮಜ್ಜಿಗೆ: ತಿಪಟೂರು ತಾಲ್ಲೂಕು ಹಾಲ್ಕುರಿಕೆಯ ಕಡೆಯ ಒಕ್ಕಲು ಮನೆಗಳಿಗೆ ಇದು ತಲೆಮಾರುಗಳಿಂದ ಬಂದ ಊಟ. ಇದರಲ್ಲಿ ರಾಗಿ, ಅವರೆ, ಹುಚ್ಚೆಳ್ಳು ಈ ಮೂರೂ ಒಂದೇ ಬೆದ್ದಲಿನಲ್ಲಿ, ಒಂದೇ ಮಳೆಗಾಲದಲ್ಲಿ ಬೆಳೆಯತಕ್ಕವು ಎಂಬುದನ್ನು ಉಣ್ಣುವಾಗ ನೆನೆಯುವವರು ವಿರಳ.

ಅಮೆರಿಕದ ನ್ಯೂಯಾರ್ಕ್ ಸೀಮೆಯಲ್ಲಿಯೂ ಅದಕ್ಕೆ ಹೊಂದಿದ ಕೆನಡಾ ದೇಶದಲ್ಲಿಯೂ ಹೋಡೆನೊಶೋನಿ ಎಂಬ ಮೂಲನಿವಾಸಿಗಳಿದ್ದಾರೆ. ಆರು ಜನಾಂಗಗಳ ಒಕ್ಕೂಟವಿದು. ಅಲ್ಲಿಯ ವಿಶ್ವವಿದ್ಯಾನಿಲಯಗಳ ಕೂಟಗಳಲ್ಲಿ ಇವರ ಪೂರ್ವಿಕರ ಊಟವನ್ನು ಎಲ್ಲರೂ ಕುಳಿತು ಹಂಚಿಕೊಂಡು ಉಣ್ಣುವುದುಂಟು. ಕೂಟಕ್ಕೆ ಮೊದಲು ಭೂಮಿಗೆ, ನೀರಿಗೆ, ಪೈರುಪಚ್ಚೆಗಳಿಗೆ ವಂದನೆ ಹೇಳುವುದು ಅವರ ಸಂಪ್ರದಾಯ. ಮುಸುಕಿನ ಜೋಳ, ಹುರುಳಿಕಾಯಿಯ ಕಾಳು, ಕುಂಬಳ ಇವೇ ಆ ಊಟದ ಆಧಾರ. ಇವನ್ನು ಅವರು ‘ಮೂವರು ಅಕ್ಕತಂಗಿಯರು’ ಎಂದು ಕರೆದು, ಒಂದೇ ಮಣ್ಣಿನ ಗುಪ್ಪೆಯಲ್ಲಿ ಬೆಳೆಯುವರು. ಜೋಳದ ದಂಟು ಹುರುಳಿಯ ಬಳ್ಳಿಗೆ ಆಸರೆ. ಹುರುಳಿಯ ಬೇರುಗಂಟು ಗಾಳಿಯ ಸಾರಜನಕವನ್ನು ಹಿಡಿಯುವುದು. ಕುಂಬಳದ ಎಲೆ ನೆಲವನ್ನು ಮುಚ್ಚಿ ಕಳೆಯನ್ನು ಅಡಗಿಸುವುದು. ಜೋಳವನ್ನು ಮರದ ಬೂದಿಯ ನೀರಿನಲ್ಲಿ ಬೇಯಿಸಿ ಸಿಪ್ಪೆ ತೆಗೆದು ಸಾರು ಮಾಡುವ ಕ್ರಮವೂ ಅವರದು. ಹೀಗೆ ಬೇಯಿಸದಿದ್ದರೆ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ತ್ವದ ಬಹುಭಾಗವು ದೇಹಕ್ಕೆ ದೊರೆಯಲಾರದೆಂದು ವಿಜ್ಞಾನವು ಬಹಳ ಕಾಲದ ಮೇಲೆ ಕಂಡುಕೊಂಡಿತು.

1779ರಲ್ಲಿ ಅಮೆರಿಕದ ಸೇನೆಯು ಇವರ ಹಳ್ಳಿಗಳನ್ನೂ ಜೋಳದ ಹೊಲಗಳನ್ನೂ ಸುಟ್ಟು ಹಾಳುಮಾಡಿತು. ಆದರೂ ಬೀಜವು ನಾಶವಾಗಲಿಲ್ಲ. ಅವರ ಪೈಕಿಯೇ ಆದ, ಕಾರ್ನೆಲ್ ವಿಶ್ವವಿದ್ಯಾನಿಲಯದ ಜೇನ್ ಮೌಂಟ್ ಪ್ಲೆಸೆಂಟ್ ಎಂಬ ವಿದುಷಿಯು ಈ ಬೇಸಾಯವನ್ನು ಪರಿಶೀಲಿಸಿ, ಒಂದೊಂದನ್ನೇ ಬೇರೆಯಾಗಿ ಬೆಳೆದ ನೆಲಕ್ಕಿಂತ ಮೂರನ್ನೂ ಕೂಡಿಸಿ ಬೆಳೆದ ನೆಲದಿಂದ ಆಹಾರಶಕ್ತಿಯೂ ಸಸಾರಜನಕವೂ ಹೆಚ್ಚಾಗಿ ದೊರೆಯುವುದೆಂದು 2016ರಲ್ಲಿ ಪ್ರಕಟಿಸಿದರು.

ಈ ದೂರದೇಶದ ವಿಚಾರ ತೆಂಗಿನ ಸೀಮೆಯವರಿಗೆ ಅಪರಿಚಿತವಲ್ಲ. ರಾಗಿಯನ್ನು ಕೂರಿಗೆಯಲ್ಲಿ ಬಿತ್ತಿ, ಹಿಂದೆ ಕಟ್ಟಿದ ಸಡ್ಡೆಯಿಂದ ಅವರೆಯನ್ನೋ ತೊಗರಿಯನ್ನೋ ಅಕ್ಕಡಿಸಾಲಾಗಿ ಬಿಡುವುದು ಇಲ್ಲಿಯ ಹಳೆಯ ಪದ್ಧತಿ. ದನಗಳು ಅಷ್ಟಾಗಿ ಬಾಯಿಹಾಕದ ಹುಚ್ಚೆಳ್ಳನ್ನು ಹೊಲದ ಅಂಚಿಗೆ ಬಿತ್ತುವರು. ಅದರ ಹಳದಿ ಹೂವಿಗೆ ಜೇನು ಬರುವುದು. ರಾಗಿ ಕೊಯ್ಲಾದ ಮೇಲೂ ಅವರೆಯು ಚಳಿಗಾಲದ ಇಬ್ಬನಿಯಲ್ಲಿ ಕಾಯಿ ಕಚ್ಚುತ್ತಿರುವುದು. ಮಳೆ ಕೈಕೊಟ್ಟು ರಾಗಿ ಕೆಟ್ಟ ವರ್ಷ ಮನೆಯ ಪಾತ್ರೆ ಬರಿದಾಗದಿರಲು ಇದೇ ಉಪಾಯ. ಊಟದ ಎಲೆಯ ಮೇಲೂ ಇವು ಪರಸ್ಪರ ಪೂರಕ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದು, ಏಕದಳ ಧಾನ್ಯಕ್ಕೆ ಕೊರತೆಯಾದ ಲೈಸಿನ್ ಅನ್ನು ಅವರೆಕಾಳು ಒದಗಿಸುವುದು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಥವಾ ಒಂದು ಸಾಲು ಅವರೆ ಎಂದು ಶಿಫಾರಸು ಮಾಡಿದೆ. ಅಲ್ಲಿಯ ಕೃಷಿ ಮೇಳದಲ್ಲಿ ಮುದ್ದೆಯನ್ನು ಉಂಡು, ಹಿಂದಿರುಗಿ ಬಂದು ಅಕ್ಕಡಿಯ ಹೊಲಕ್ಕೆ ತೆಂಗಿನ ಸಸಿ ನೆಡಲು ಗುಂಡಿ ತೋಡಿಸುವುದು ವಿಪರ್ಯಾಸವೇ ಸರಿ. ತೆಂಗು ಬೇಡವೆಂದಲ್ಲ. ಕೊಬ್ಬರಿಯಿಂದಲೇ ಈ ಸೀಮೆಗೆ ಹಣ ಬಂದದ್ದು. ಆದರೆ ಬೆದ್ದಲೆಲ್ಲವೂ ತೋಟವಾದ ಮೇಲೆ, ಕೊಳವೆಬಾವಿ ಬತ್ತಿದ ವರ್ಷ ಕಾಯಿಯೂ ಇಲ್ಲ, ರಾಗಿಯೂ ಇಲ್ಲ. ಧಾರಣೆ ಕುಸಿದ ವರ್ಷ ಕೊಬ್ಬರಿ ಮಾರಿ ರಾಗಿ ಕೊಳ್ಳಬೇಕು. ಎರಡು ಮೂರು ವರ್ಷ ಬಿತ್ತದೆ ಬಿಟ್ಟರೆ ಮನೆಯ ಬೀಜ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಊರಿನ ಮಣ್ಣಿಗೆ ಒಗ್ಗಿದ ಆ ತಳಿಯು ಅಂಗಡಿಯಲ್ಲಿ ಸಿಗತಕ್ಕದ್ದಲ್ಲ.

ಆದುದರಿಂದ ಹೆಚ್ಚು ಹಿಡುವಳಿಯುಳ್ಳವರು ಒಂದೆಕರೆಯನ್ನಾದರೂ ಅಕ್ಕಡಿಗೆ ಮೀಸಲಿಡುವುದು ಯುಕ್ತ. ಅವರೆಯಲ್ಲಿ ಸೊಗಡು ಚೆನ್ನಾಗಿರುವ, ರೋಗವಿಲ್ಲದ ಗಿಡಗಳಿಗೆ ಈಗಲೇ ಗುರುತು ಕಟ್ಟಿಸಿ, ಅವುಗಳ ಕಾಯನ್ನು ಹಸಿಯದಾಗಿ ಬಿಡಿಸದೆ ಗಿಡದಲ್ಲಿಯೇ ಒಣಗಲು ಬಿಡತಕ್ಕದ್ದು. ಕಾಳನ್ನು ಬಿಸಿಲಿನಲ್ಲಿ ಒಣಗಿಸಿ, ಜರಡಿ ಹಿಡಿದ ಬೂದಿಯನ್ನು ಬೆರೆಸಿ ಮಡಕೆಯಲ್ಲಿ ತುಂಬಿ ಬಾಯಿಕಟ್ಟಿದರೆ ಹುಳು ಹಿಡಿಯುವುದು ಕಡಿಮೆ. ಬೀಜವಿಲ್ಲದ ನೆರೆಯವರಿಗೆ ಸೇರು ಕೊಟ್ಟು, ಸುಗ್ಗಿಯಲ್ಲಿ ಅಷ್ಟನ್ನೇ ಹಿಂದಕ್ಕೆ ಪಡೆಯುವ ಏರ್ಪಾಡನ್ನು ಗ್ರಾಮದ ಮುಖಂಡರು ಮುಂದಿನ ಬಿತ್ತನೆಯೊಳಗಾಗಿ ಮಾಡಬಹುದು.