ಎಲುಬು, ಕೀಲು, ಸಂಧಿ

‘ಸಂಧಿ’ ಎಂದೊಡನೆ ಕನ್ನಡ ವಿದ್ಯಾರ್ಥಿಗೆ ನೆನಪಾಗುವುದು ಲೋಪ, ಆಗಮ, ಆದೇಶಗಳು. ವೈದ್ಯಶಾಸ್ತ್ರದಲ್ಲಿ ಅದೇ ಪದ ಎರಡು ಎಲುಬುಗಳು ಕೂಡುವ ಸ್ಥಾನವನ್ನು ಸೂಚಿಸುತ್ತದೆ. ಆಡುಮಾತು ಇದನ್ನು ‘ಕೀಲು’ ಎನ್ನುತ್ತದೆ. ಬಂಡಿಯ ಚಕ್ರ ಕಳಚದಂತೆ ತಡೆಯುವ ಕಡೆಗೀಲಿನಲ್ಲಿರುವುದೂ ಇದೇ ಪದ. ‘ಎಲುಬು’ ತಮಿಳಿನ ‘ಎಲುಂಬು’ವಿನ ಜ್ಞಾತಿಪದ. ‘ಮೂಳೆ’ಯ ಕಥೆ ಬೇರೆ: ತಮಿಳಿನ ‘ಮೂಳೈ’ಗೆ ಮಜ್ಜೆ, ಮಿದುಳು ಎಂಬ ಅರ್ಥಗಳಿವೆ. ತಿರುಳಿಗೂ ಅದರ ಕವಚಕ್ಕೂ ಸೋದರ ಭಾಷೆಗಳು ಒಂದೇ ಹೆಸರಿಟ್ಟಿರುವುದು ಗಮನಾರ್ಹ.

ಎಲುಬುಗಳ ಸಂಖ್ಯೆಯನ್ನು ಚರಕ 360 ಎಂದರೆ, ಸುಶ್ರುತನ ಶಲ್ಯತಂತ್ರ 300 ಎನ್ನುತ್ತದೆ. ಆಧುನಿಕ ಅಂಗರಚನಾಶಾಸ್ತ್ರದ ಪ್ರಕಾರ ವಯಸ್ಕರಲ್ಲಿ ಅವು 206. ಈ ಅಂತರಕ್ಕೆ ಮುಖ್ಯ ಕಾರಣ ವ್ಯಾಖ್ಯೆಯ ಭೇದ. ಚರಕನ ಎಣಿಕೆಯಲ್ಲಿ ಹಲ್ಲು, ಉಗುರುಗಳೂ ಸೇರಿವೆ. ನವಜಾತ ಶಿಶುವಿನಲ್ಲಿ ಸುಮಾರು 300ರಷ್ಟಿರುವ ಬಿಡಿ ಭಾಗಗಳು ಬೆಳವಣಿಗೆಯೊಂದಿಗೆ ಬೆಸೆದುಕೊಳ್ಳುತ್ತವೆ. 206ರಲ್ಲಿ 106 ಎಲುಬುಗಳು ಕೈ ಮತ್ತು ಪಾದಗಳಲ್ಲಿಯೇ ಇವೆ.

ಎಲುಬು ಜಡವಸ್ತುವಲ್ಲ. ಕ್ಯಾಲ್ಸಿಯಂ ಫಾಸ್ಫೇಟ್ ಅದಕ್ಕೆ ಗಡಸುತನವನ್ನೂ, ಕೊಲಾಜನ್ ಎಂಬ ನಾರು ಬಾಗುವ ಗುಣವನ್ನೂ ನೀಡುತ್ತವೆ. ಆಮ್ಲದಲ್ಲಿ ನೆನೆಸಿದ ಎಲುಬು ಬಳ್ಳಿಯಂತೆ ಬಾಗುತ್ತದೆ. ಸುಟ್ಟ ಎಲುಬು ಪುಡಿಯಾಗುತ್ತದೆ. ಕೆಲವು ಜೀವಕೋಶಗಳು ಹಳೆಯ ಎಲುಬನ್ನು ಕರಗಿಸುತ್ತಿದ್ದರೆ ಬೇರೆ ಕೆಲವು ಹೊಸದನ್ನು ಕಟ್ಟುತ್ತಿರುತ್ತವೆ. ಮುರಿದ ಎಲುಬು ಕೂಡಿಕೊಳ್ಳುವುದೂ ಇಂಥ ಜೀವಕೋಶಗಳ ಕೆಲಸದಿಂದಲೇ. ಒಳಗಿನ ಕೆಂಪು ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ.

ಕೀಲುಗಳಲ್ಲಿ ಚಲನೆಯೂ ಭದ್ರತೆಯೂ ಒಂದಕ್ಕೊಂದು ಬೆಲೆ ತೆರುತ್ತವೆ. ಮುಂಬಯಿಯ ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಯನ್ನು ಹಿಡಿದು ನಿಂತವನ ಭುಜವನ್ನು ಗಮನಿಸಬಹುದು. ಅಲ್ಲಿಯ ಗುಳಿ ಆಳವಿಲ್ಲದ್ದು. ಆದ್ದರಿಂದಲೇ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ, ಸುಲಭವಾಗಿ ಕೀಲು ತಪ್ಪುವುದೂ ಉಂಟು. ಅದೇ ದೇಹದ ಭಾರ ಹೊತ್ತ ಸೊಂಟದ ಕೀಲಿನ ಗುಳಿ ಆಳವಾದುದು: ಚಲನೆ ಕಡಿಮೆ, ಭದ್ರತೆ ಹೆಚ್ಚು. ನಿಲ್ದಾಣದ ಸೇತುವೆಯ ಮೆಟ್ಟಿಲೇರುವಾಗ ಮೊಣಕಾಲಿನ ಮೇಲೆ ದೇಹತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ.

ಈ ಒತ್ತಡವನ್ನು ತಾಳಿಕೊಳ್ಳುವ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಕೀಲು ಚಲಿಸಿದಾಗ, ಒತ್ತಡ ಬಿದ್ದು ಸಡಿಲಿದಾಗ, ಕೀಲಿನೊಳಗಿನ ದ್ರವದಿಂದ ಅದು ಪೋಷಕಾಂಶಗಳನ್ನು ಹೀರುತ್ತದೆ. ಚಲನೆಯೇ ಅದರ ಆಹಾರದ ದಾರಿ. ಹಗಲೆಲ್ಲ ಹೋಟೆಲಿನಲ್ಲಿ ನಿಂತು ದುಡಿದು, ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಮುಂಬಯಿ ಕನ್ನಡಿಗರ ತಲೆಮಾರಿನ ಶ್ರಮದ ಹೊರೆಯನ್ನು ಹೊತ್ತದ್ದು ಇವೇ ಕಾಲುಗಳು.

ಈ ನಗರದಲ್ಲಿ ಚಿಕಿತ್ಸೆಯ ಪರಂಪರೆ ದೀರ್ಘವಾದುದು. ಗ್ರಾಂಟ್ ವೈದ್ಯಕೀಯ ಕಾಲೇಜು 1845ರಲ್ಲಿಯೂ, ಪರೇಲಿನ ಕೆ.ಇ.ಎಂ. ಆಸ್ಪತ್ರೆ 1926ರಲ್ಲಿಯೂ ಆರಂಭವಾದವು. ಆದರೆ ಚಿಕಿತ್ಸೆ ತೊಡಗುವುದು ರೋಗಿಯ ಮಾತಿನಿಂದ. ಕನ್ನಡ ‘ಉಳುಕು’, ‘ಸೆಳೆತ’, ‘ಕೀಲು ಹಿಡಿದುಕೊಳ್ಳುವುದು’ ಎಂದು ನೋವುಗಳನ್ನು ಬೇರ್ಪಡಿಸುತ್ತದೆ. ಮೊದಲನೆಯದು ಹೆಚ್ಚಾಗಿ ಕೀಲಿನ ಕಟ್ಟುಗಳಿಗೆ, ಎರಡನೆಯದು ಸ್ನಾಯುವಿಗೆ, ಮೂರನೆಯದು ಕೀಲಿನ ಚಲನೆಗೆ ಸಂಬಂಧಿಸಿದುದು. ಊರಿನಿಂದ ಬಂದ ಅಜ್ಜಿಯ ಮಾತನ್ನು ವೈದ್ಯರಿಗೆ ತಿಳಿಸಬೇಕಾದ ಮೊಮ್ಮಗನಿಗೆ ಈ ಭೇದ ಗೊತ್ತಿಲ್ಲದಿದ್ದರೆ ಎಲ್ಲವೂ ಬರಿಯ ‘ನೋವು’ ಆಗಿಬಿಡುತ್ತದೆ. ಇಂಥ ಪದಗಳ ಸಂಗ್ರಹ ನಿಘಂಟುಕಾರನ ಕೆಲಸವಷ್ಟೇ ಅಲ್ಲ. ಅದು ಆರೋಗ್ಯಕ್ಕೂ ಸಂಬಂಧಿಸಿದ ಕೆಲಸ.