ಯಾವ ಭಾಷೆ ಕಲಿಯಬೇಕು? ಪಹಣಿ ಹೇಳುವ ಪಾಠ

ಡೋಣಿ ನದಿಯ ದಂಡೆಯ ತಾಳಿಕೋಟೆ ಭಾಗದ ರೈತನಿಗೆ ಪಹಣಿ ಬರಿಯ ಕಾಗದವಲ್ಲ. ಬ್ಯಾಂಕಿನ ಸಾಲಕ್ಕೂ ಹೊಲದ ಮಾರಾಟಕ್ಕೂ ಅದೇ ಆಧಾರ. ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದು ಕೊಡುತ್ತಿದ್ದ ಈ ದಾಖಲೆ, 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆಯಿಂದಾಗಿ ಕಂಪ್ಯೂಟರ್ ಸೇರಿತು. ಸುಮಾರು 2 ಕೋಟಿ ಪಹಣಿಗಳು ಹೀಗೆ ದಾಖಲಾದವು. ಆಗ ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದ ತಾಳಿಕೋಟೆಯ ರೈತರು ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪ್ರತಿ ಪಡೆಯುವಂತಾಯಿತು.

ಈ ತಂತ್ರಾಂಶವನ್ನು ಎನ್‌ಐಸಿ ಸಂಸ್ಥೆಯ ತಜ್ಞರು ಬರೆದದ್ದು ವಿಷುಯಲ್ ಬೇಸಿಕ್ ಭಾಷೆಯಲ್ಲಿ. 1998ರಲ್ಲಿ ಬಂದ ಅದರ ಆರನೆಯ ಆವೃತ್ತಿ ಆಗ ಬಹು ಜನಪ್ರಿಯ. ಕಲಿಯುವುದು ಸುಲಭ, ಬಲ್ಲವರೂ ಬೇಕಾದಷ್ಟು ಮಂದಿ. ಆದರೆ 2002ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ ‘ಡಾಟ್ ನೆಟ್’ ಎಂಬ ಹೊಸ ವ್ಯವಸ್ಥೆ ತಂದಿತು. ಹಳೆಯ ಪ್ರೋಗ್ರಾಂಗಳು ಅದರಲ್ಲಿ ಇದ್ದಂತೆಯೇ ನಡೆಯುವಂತಿರಲಿಲ್ಲ. 2008ರಲ್ಲಿ ಆರನೆಯ ಆವೃತ್ತಿಯ ಅಭಿವೃದ್ಧಿ ಸಾಧನಕ್ಕೆ ಕಂಪೆನಿಯ ಬೆಂಬಲವೂ ನಿಂತಿತು. ಹೆಸರಾದ ಭಾಷೆಗೂ ಮುಪ್ಪು ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೂ ಪಹಣಿಗೆ ಧಕ್ಕೆಯಾಗಲಿಲ್ಲ. ವಿವರಗಳೆಲ್ಲ ಪ್ರತ್ಯೇಕ ದತ್ತಸಂಚಯದಲ್ಲಿದ್ದುದರಿಂದ ಪ್ರೋಗ್ರಾಂ ಬದಲಾದರೂ ದಾಖಲೆ ಉಳಿಯುವಂತಿತ್ತು.

ಇಂದು ಡಿಪ್ಲೊಮಾ, ಪದವಿ ಓದುವ ಊರಿನ ಹುಡುಗ ಹುಡುಗಿಯರ ಮುಂದಿರುವ ಪ್ರಶ್ನೆಯೂ ಇಂಥದೇ. ಸಿ, ಜಾವಾ, ಪೈಥಾನ್ ಕಲಿಯಬೇಕೆ ಅಥವಾ ರಸ್ಟ್, ಕಾಟ್ಲಿನ್‌ನಂತಹ ಹೊಸತನ್ನೆ? ಮನೆಯವರು ಕಟ್ಟುವ ಶುಲ್ಕ, ಕೈಬಿಡುವ ವರ್ಷ ಎರಡೂ ಇದರಲ್ಲಿ ಅಡಗಿವೆ.

ಜನಪ್ರಿಯ ಭಾಷೆಗೆ ಪುಸ್ತಕ, ಶಿಕ್ಷಕರು, ಉದ್ಯೋಗ ಸಿಗುತ್ತವೆ. ಹಳೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಹೊಸ ಭಾಷೆ ಹುಟ್ಟುವುದು ಹಳೆಯದರ ಕೊರತೆ ನೀಗಲು. ಸಿ ಭಾಷೆಯಲ್ಲಿ ಸ್ಮರಣೆಯ ಬಳಕೆಯಲ್ಲಿ ಆಗುವ ತಪ್ಪುಗಳಲ್ಲಿ ಹಲವನ್ನು, 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್, ಪ್ರೋಗ್ರಾಂ ಓಡುವ ಮೊದಲೇ ತಡೆಯುತ್ತದೆ. ಕಾಟ್ಲಿನ್ ಜಾವಾ ಜತೆ ಹೊಂದಿಕೊಂಡು ಕೆಲಸ ಮಾಡಬಲ್ಲದು. 2017ರಲ್ಲಿ ಗೂಗಲ್ ಅದನ್ನು ಆಂಡ್ರಾಯ್ಡ್‌ಗೆ ಒಪ್ಪಿಕೊಂಡಿತು. ನಿಜವಾದ ಅಗತ್ಯವೂ ಹಳೆಯದರೊಡನೆ ಸೇತುವೆಯೂ ಇರುವ ಹೊಸ ಭಾಷೆ ಬಾಳುವ ಸಾಧ್ಯತೆ ಹೆಚ್ಚು.

ಹೀಗಾಗಿ ಬಳಕೆಯಲ್ಲಿರುವ ಒಂದು ಭಾಷೆಯನ್ನು ಆಳವಾಗಿ ಕಲಿಯುವುದು ಮೊದಲ ಹೆಜ್ಜೆ. ಸಮಸ್ಯೆಯನ್ನು ಬಿಡಿಸಿ ನೋಡುವ, ಮಾಹಿತಿಯನ್ನು ಜೋಡಿಸಿಡುವ ರೀತಿ ಕೈವಶವಾದರೆ ಮುಂದಿನ ಭಾಷೆಗೂ ಅದೇ ಬಂಡವಾಳ. ಅನುಭವಿ ರೈತ ಹೊಲಕ್ಕೆಲ್ಲ ನಂಬಿದ ಬೀಜ ಬಿತ್ತಿ, ಎರಡು ಗುಂಟೆಯಲ್ಲಿ ಹೊಸ ತಳಿ ನೋಡುತ್ತಾನೆ. ಅವನ ಮಕ್ಕಳಿಗೂ ಈ ಲೆಕ್ಕ ಸಲ್ಲುತ್ತದೆ.